ಯಾರೂ ನೋಡದ ದಾರಿ

ಮೂರ್ನಾಡಿನಾಚೆಯ ಗುಡ್ಡ ಎರಡೂವರೆ ಇಂಚು ಸರಿದಿತ್ತು. ವರದಿಯಲ್ಲಿ ಅದು ಅರ್ಧ ಇಂಚಾಯಿತು. ಮೇಲಿನ ರೆಸಾರ್ಟಿನ ಕೆಲಸ ನಿಲ್ಲಬಾರದಲ್ಲ. ಗುಡ್ಡದ ಕೆಳಗೆ, ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳಲ್ಲಿ, ಒಂಬತ್ತು ಸಂಸಾರಗಳಿದ್ದವು.

ಗುಡ್ಡದಲ್ಲಿ ಹೂತ ಅಳತೆಯಂತ್ರಗಳಿಗೆ ತಂತ್ರಾಂಶ ಬರೆದವಳು ದೀಕ್ಷಿತಾ. ಗುಡ್ಡ ಅಳೆದು ವರದಿ ಕೊಡುತ್ತಿದ್ದ ಪೊನ್ನಂಪೇಟೆಯ ಸಣ್ಣ ಕಂಪನಿಯ ಮಾಲೀಕ ಅಶೋಕನನ್ನು, ಅಂಕಿ ಯಾಕೆ ಬದಲಾಯಿತೆಂದು ಅವಳು ಕೇಳಿಯೇಬಿಟ್ಟಳು.

"ನಿಮ್ಮ ಕೆಲ್ಸ ಕೋಡ್ ಬರೆಯೋದು. ಗುಡ್ಡ ನಾನು ನೋಡ್ಕೋತೀನಿ."

"ಆಯ್ತು ಸಾರ್. ಕೋಡೇ ಬರೀತೀನಿ."

ನಿಜವಾದ ಅಂಕಿಗಳನ್ನು ಕದ್ದು ತಾಲೂಕು ಕಚೇರಿಯ ಮೇಜಿನ ಮೇಲಿಡಬೇಕು. ಆದರೆ ಪೆನ್‌ಡ್ರೈವ್ ಹಾಕುವಂತಿರಲಿಲ್ಲ. ಹೊರಗೆ ಹೋಗುವ ಪ್ರತಿ ಕಡತವೂ ಕಾವಲಿನ ತಂತ್ರಾಂಶದ ಕಣ್ಣಿಗೆ ಬೀಳುತ್ತಿತ್ತು. ಅವಳು ಮೂರು ವಾರ ಕೂತು ಒಂದು ಡ್ರೈವರ್, ಯಂತ್ರಭಾಗಗಳನ್ನು ಕಂಪ್ಯೂಟರಿಗೆ ಪರಿಚಯಿಸುವಂಥ ತಂತ್ರಾಂಶ, ಬರೆದಳು. ಅದರಿಂದ ಅವಳ ಆಫೀಸಿನ ಕಂಪ್ಯೂಟರ್ ತನ್ನೊಳಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಇದೆಯೆಂದು ನಂಬಿತು. ಅಂಥ ಕಾರ್ಡೇ ಇರಲಿಲ್ಲ. ಅದಕ್ಕೆ ಕೊಟ್ಟದ್ದನ್ನೆಲ್ಲ ಡ್ರೈವರ್ ಅವಳೇ ಕಟ್ಟಿದ ಕ್ರಮದಲ್ಲಿ ಪೊಟ್ಟಣ ಮಾಡಿ ಆಫೀಸಿನ ತಂತಿಗೆ ಬಿಡುತ್ತಿತ್ತು. ಕಾವಲಿನ ತಂತ್ರಾಂಶಕ್ಕೆ ಗೊತ್ತಿದ್ದುದು ಲೋಕರೂಢಿಯ ಪೊಟ್ಟಣಗಳು ಮಾತ್ರ. ಇವುಗಳನ್ನು ಬೇರೆಯವರು ಓದದಂತೆ ಗುಪ್ತಲಿಪಿಯ ಬೀಗ ಹಾಕುವ ಅಗತ್ಯವೂ ಅವಳಿಗೆ ಕಾಣಲಿಲ್ಲ.

ಸ್ಟೋರ್ ರೂಮಿನ ರಟ್ಟಿನ ಡಬ್ಬಗಳ ಹಿಂದೆ, ಅದೇ ತಂತಿಜಾಲಕ್ಕೆ ಸೇರಿಸಿ, ಅಂಗೈಯಗಲದ ಕಂಪ್ಯೂಟರೊಂದನ್ನು ಇಟ್ಟಳು. ಅದು ಬಂದದ್ದನ್ನು ಬರೆದುಕೊಳ್ಳಬೇಕು, ಅಷ್ಟೆ; ಸಂಜೆ ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗುವುದಿತ್ತು. ಉತ್ತರ ಕೊಟ್ಟರೆ ಸುಳಿವು ಸಿಕ್ಕೀತೆಂದು ಒಂದಕ್ಷರವೂ ಹೊರಬೀಳದಂತೆ ಅದರ ಬಾಯಿ ಕಟ್ಟಿದ್ದಳು.

ಮಂಗಳವಾರ ಊಟದ ಹೊತ್ತಿಗೆ ಎಲ್ಲವನ್ನೂ ಕಳಿಸಿದಳು. ಇಪ್ಪತ್ತು ನಿಮಿಷ. ಕಾವಲಿನ ಪರದೆ ತಣ್ಣಗಿತ್ತು.

ಮೂರು ಗಂಟೆಗೆ ನೆಟ್‌ವರ್ಕ್ ನೋಡಿಕೊಳ್ಳುವ ಚಿದಾನಂದ ಬಂದು ನಿಂತ. ಕೈಯಲ್ಲಿ, ಒಂದೊಂದೇ ತಂತಿಯ ಜಾಡು ಹಿಡಿದು ಪತ್ತೆಮಾಡಿದ ಆ ಪುಟ್ಟ ಕಂಪ್ಯೂಟರ್.

"ಮೇಡಂ, ಸಾರ್ ಕರೀತಿದ್ದಾರೆ."

"ಬರ್ತೀನಿ. ಅದ್ರಲ್ಲಿ ಏನಿದೆ ಅಂತ ಓದಿದ್ರಾ?"

ಚಿದಾನಂದ ತಲೆ ತಗ್ಗಿಸಿದ.

"ಓದಿದ್ದೀರಿ. ಹಾಗಾದ್ರೆ ನನ್ನ ಜೊತೆ ನೀವೂ ಒಳಗೆ ಬನ್ನಿ. ಅಂಕಿ ಎಷ್ಟು ಅಂತ ಅವರ ಮುಂದೆನೇ ಹೇಳಿ."

ಅವಳೇ ಮುಂದೆ ನಡೆದಳು. ತಪ್ಪಿದ್ದೆಲ್ಲಿ ಎಂಬುದು ಅಶೋಕನ ಬಾಗಿಲ ಹತ್ತಿರ ಹೊಳೆಯಿತು. ಯಾವ ತಂತಿಯ ತುದಿಯಲ್ಲಿ ಯಾವ ಯಂತ್ರವಿದೆಯೆಂದು ಸ್ವಿಚ್, ಆಫೀಸಿನ ತಂತಿಗಳೆಲ್ಲ ಕೂಡುವ ಪೆಟ್ಟಿಗೆ, ಕಲಿಯುವುದು ಆ ಯಂತ್ರ ಒಮ್ಮೆಯಾದರೂ ಮಾತಾಡಿದಾಗ; ಬಾಯಿ ಕಟ್ಟಿದ ಅವಳ ಕಂಪ್ಯೂಟರ್ ಒಮ್ಮೆಯೂ ಮಾತಾಡಿರಲಿಲ್ಲ. ಗುರುತಿಲ್ಲದ ಯಂತ್ರಕ್ಕೆ ಬಂದದ್ದನ್ನು ಸ್ವಿಚ್ ಎಲ್ಲ ತಂತಿಗಳಿಗೂ ಹಂಚಿಬಿಡುತ್ತದೆ; ಆ ಮಧ್ಯಾಹ್ನ ಅವುಗಳಲ್ಲೊಂದರ ತುದಿಯಲ್ಲಿ, ಆಫೀಸಿನ ಲೆಕ್ಕ ಬರೆಯುವ ಕುಸುಮಾಳ ಪ್ರಿಂಟರಿಗೆ ಏನಾಗಿದೆಯೆಂದು ತಂತಿಯ ಮೇಲೆ ಬರುವುದನ್ನೆಲ್ಲ ತನ್ನ ಲ್ಯಾಪ್‌ಟಾಪಿನಲ್ಲಿ ನೋಡುತ್ತ ಚಿದಾನಂದ ಕೂತಿದ್ದ.