ಗುಂಡನ ಮೂರು ಹಿಡಿ

"ಡಾಕ್ಟ್ರೇ, ನಮ್ಮ ಗುಂಡ ಕರಗಿ ಹೋಗ್ತಿದಾನೆ!"

ವಾಚ್ ರಿಪೇರಿಯವಳು ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಬಂದ ರಭಸಕ್ಕೆ ಬುಟ್ಟಿಯಲ್ಲಿ ಕೂತಿದ್ದ ಯಾರದೋ ಬೆಕ್ಕು ರೋಮ ನಿಮಿರಿಸಿ ಬುಸ್ಸೆಂದಿತು. ಅವಳ ಕಂಕುಳಲ್ಲಿ ಗುಂಡನಿದ್ದ. ಹೆಸರಿಗೆ ತಕ್ಕ ನಾಯಿಯಾಗಿದ್ದ ಕಾಲದಲ್ಲಿ ಅವನನ್ನು ಎತ್ತಲು ಅವಳೂ ಚಿಕ್ಕಮ್ಮನೂ ಸೇರಿ ಏದುಸಿರು ಬಿಡಬೇಕಿತ್ತು. ಈಗ ಪಕ್ಕೆಲುಬು ಎಣಿಸಬಹುದಿತ್ತು.

ಡಾಕ್ಟರು ಸಿರಿಂಜ್ ಕೆಳಗಿಟ್ಟು ಎದ್ದು ಬಂದ. ಅವಳ ಬಾಯಲ್ಲಿ ಅವನು 'ಡಾಕ್ಟ್ರು', 'ನೀವು'. ಮನಸ್ಸಿನಲ್ಲಿ ಬಹುವಚನ ಬಿಟ್ಟು ಎಷ್ಟೋ ದಿನವಾಗಿತ್ತು.

ಶುರುವಾಗಿದ್ದು ಚಿಕ್ಕಮ್ಮನಿಂದ. ಅವರಿಗೆ ಪ್ರೀತಿ ತೋರಿಸಲು ಗೊತ್ತಿದ್ದ ದಾರಿ ಒಂದೇ, ತಿನ್ನಿಸುವುದು. ಗುಂಡ ಬೊಗಳಿದರೆ ಬಿಸ್ಕತ್ತು. ಬೊಗಳದಿದ್ದರೆ "ಪಾಪ, ಯಾಕೋ ಸಪ್ಪಗಿದಾನೆ" ಅಂತ ಇನ್ನೊಂದು ಬಿಸ್ಕತ್ತು. ಕೊನೆಗೆ ಎರಡು ಮೆಟ್ಟಿಲು ಹತ್ತಲೂ ಆಗದೆ ಅವನು ಮೇಲುಸಿರು ಬಿಡತೊಡಗಿದಾಗ, ಮಾಡುತ್ತಿದ್ದ ಕೆಲಸ ಹಾಗೇ ಬಿಟ್ಟು ಅವಳು ಅವನನ್ನು ಇಲ್ಲಿಗೆ ಕರೆತಂದಿದ್ದಳು.

"ಹೀಗೇ ಬಿಟ್ರೆ ಹೃದಯಕ್ಕೆ ಕಷ್ಟ," ಅಂದಿದ್ದ ಡಾಕ್ಟರು. "ದಿನಕ್ಕೆ ಎರಡೇ ಹೊತ್ತು. ಬೆಳಿಗ್ಗೆ ಮೂರು ಹಿಡಿ ಡಾಗ್ ಫುಡ್, ಸಂಜೆ ಮೂರು ಹಿಡಿ. ಮಧ್ಯೆ ಯಾರು ಎಷ್ಟೇ ಗೋಗರೆದ್ರೂ ಏನೂ ಇಲ್ಲ."

ಸಾಸಿವೆಯಷ್ಟು ಸ್ಕ್ರೂ ಕೂಡ ಕಳೆಯದೆ ದಿನವಿಡೀ ಕೆಲಸ ಮಾಡುವವಳಿಗೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ಕಷ್ಟವಾಗಲಿಲ್ಲ. ಬಿಸ್ಕತ್ತಿನ ಡಬ್ಬ ಬೀರುವಿಗೆ ಹೋಯಿತು, ಚಿಕ್ಕಮ್ಮ ಮಾತು ಬಿಟ್ಟರು. ಮುಂದಿನ ತಿಂಗಳು ತೂಕ ಇಳಿದಿದ್ದನ್ನು ಕಂಡು ಡಾಕ್ಟರು, "ನಿಮ್ಮಂಥವರು ಸಿಕ್ಕಿದ್ರೆ ನನ್ನ ಕೆಲಸ ಎಷ್ಟು ಸಲೀಸು!" ಅಂತ ನಕ್ಕಿದ್ದ. ಆ ಒಂದು ಮಾತಿನ ಗುಂಗಿನಲ್ಲಿ ಅವಳು ಯಾರದೋ ಗಡಿಯಾರಕ್ಕೆ ಎರಡೂ ಮುಳ್ಳು ಅದಲು ಬದಲು ಹಾಕಿಬಿಟ್ಟಳು.

ಆದರೆ ತೂಕ ಇಳಿಯುವುದು ನಿಲ್ಲಲೇ ಇಲ್ಲ.

ಡಾಕ್ಟರು ಗುಂಡನ ಹೊಟ್ಟೆ ಒತ್ತಿ ನೋಡಿದ, ಕಣ್ಣು ಬಿಡಿಸಿ ನೋಡಿದ. "ನಾನು ಹೇಳಿದಷ್ಟೇ ಹಾಕ್ತಿದೀರಾ?"

"ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಡಿಮೆ ಇಲ್ಲ."

ಅವನ ಮುಖ ಬಾಡಿತು. ಸರಿಯಾಗಿ ತಿಂದೂ ಸೊರಗುತ್ತಿದ್ದಾನೆ ಅಂದರೆ ಒಳಗೇ ಏನೋ ಇರಬೇಕು. ರಕ್ತ ತೆಗೆದುಕೊಂಡು, "ನಾಳೆ ಗೊತ್ತಾಗುತ್ತೆ," ಅಂದ. ಯಾವಾಗಲೂ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ಅವಳನ್ನು ನೋಡುತ್ತಿದ್ದವನು ಇವತ್ತು ಕಣ್ಣೆತ್ತಲಿಲ್ಲ. ಅದನ್ನು ಕಂಡು ಅವಳು ಗುಂಡನನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು.

ಮರುದಿನ ಸಂಜೆ ಅವನು ಫೋನ್ ಮಾಡಲಿಲ್ಲ, ಮನೆಗೇ ಬಂದ. ಕಿಟಕಿಯಿಂದ ಅವನನ್ನು ಕಂಡಿದ್ದೇ ಅವಳು ಬಾಗಿಲಿಗೆ ಓಡಿದಳು. ಒಳ್ಳೆಯ ಸುದ್ದಿಯಾದರೆ ಯಾರು ಇಷ್ಟು ದೂರ ನಡೆದು ಬರುತ್ತಾರೆ?

"ಹೇಳ್ಬಿಡಿ," ಅಂದಳು ಬಾಗಿಲಲ್ಲೇ.

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ರಕ್ತದಲ್ಲಿ ಏನೂ ತೊಂದ್ರೆ ಇಲ್ಲ. ಲಿವರ್, ಕಿಡ್ನಿ ಎಲ್ಲ ಚೆನ್ನಾಗಿದೆ. ಅದಕ್ಕೇ ನನಗೆ ತಲೆಬುಡ ಅರ್ಥ ಆಗ್ತಿಲ್ಲ. ಅವನು ತಿನ್ನೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು."

"ನೋಡಿ, ಚೆನ್ನಾಗಿ ನೋಡಿ," ಅಂದರು ಒಳಗಿನಿಂದ ಚಿಕ್ಕಮ್ಮ. "ನನ್ನ ಕೈಲಿದ್ದಾಗ ಹೇಗಿದ್ದ ಮಗು!"

ಅವಳು ಚೀಲಕ್ಕೆ ಕೈ ಹಾಕಿದಳು. ಒಂದು ಹಿಡಿ. ಎರಡು. ಮೂರು. ಗುಂಡ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿ, ತಟ್ಟೆ ಫಳಫಳ ಹೊಳೆಯುವಂತೆ ನೆಕ್ಕಿ, ಡಾಕ್ಟರ ಮುಖ ನೋಡಿದ.

"ಇಷ್ಟೇನಾ?"

"ಮೂರು ಹಿಡಿ. ನೀವೇ ಹೇಳಿದ್ದು."

"ಇನ್ನೊಂದು ಹಿಡಿ ತೆಗೀರಿ. ತಟ್ಟೆಗೆ ಹಾಕ್ಬೇಡಿ, ನನಗೆ ತೋರಿಸಿ."

ಅವಳು ಅಂಗೈ ಬಿಚ್ಚಿದಳು. ಕೈಗಡಿಯಾರದ ಹೊಟ್ಟೆಯೊಳಗೆ ಓಡಾಡುವ ಕೈ, ಎಂಟು ವರ್ಷದ ಮಗುವಿನ ಕೈಯಷ್ಟೇ ಇತ್ತು. ಅವನು ತಾನೂ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಪಕ್ಕದಲ್ಲಿ ಹಿಡಿದ. ಎತ್ತು, ಕುದುರೆಗಳನ್ನು ಅಲುಗಾಡದಂತೆ ಹಿಡಿದು ಅಭ್ಯಾಸವಾದ ಕೈ ಅದು. ಅದರಲ್ಲಿ ಅವಳ ಎರಡು ಹಿಡಿಗಿಂತ ಹೆಚ್ಚೇ ಇತ್ತು.

"ನಾನು ಹೇಳಿದ್ದು... ಈ ಹಿಡಿ," ಅಂದ ಮೆಲ್ಲಗೆ.

"ಅಂದ್ರೆ ಅವನ ಕಾಯಿಲೆ..."

"ಹಸಿವು ರೀ. ಬರೀ ಹಸಿವು!"

ಅವಳು ಇದ್ದಲ್ಲೇ ನೆಲಕ್ಕೆ ಕುಸಿದು ಗುಂಡನನ್ನು ತಬ್ಬಿಕೊಂಡಳು. ಅಳು ಬಂತು, ಅದರ ಹಿಂದೆಯೇ ನಗು ಬಂತು. ಎದೆಯ ಮೇಲಿದ್ದ ಬಂಡೆಯನ್ನು ಯಾರೋ ಎತ್ತಿ ಆಚೆಗೆಸೆದಂತಾಯಿತು. ಗುಂಡ ಬದುಕುತ್ತಾನೆ, ಇಷ್ಟು ಸಾಕು ಅನ್ನಿಸಿತು. ಆಮೇಲೆ ಸಿಟ್ಟು ಬಂತು.

"ಹಿಡಿ ಯಾಕ್ರೀ ಹೇಳಿದ್ರಿ? ಗ್ರಾಂ ಲೆಕ್ಕ ಹೇಳ್ಬಾರ್ದಿತ್ತಾ?"

ಅಷ್ಟೆತ್ತರದ ಮನುಷ್ಯನ ಕಿವಿ ಕೆಂಪಾಯಿತು. "ಎಲ್ಲರಿಗೂ ಗ್ರಾಂ ಲೆಕ್ಕಾನೇ ಹೇಳೋದು. ಆವತ್ತು ನೀವು ಆ ರಿಪೇರಿ ಭೂತಗನ್ನಡಿ ಹಣೆ ಮೇಲೆ ಏರಿಸ್ಕೊಂಡು ಹಾಗೇ ಓಡಿ ಬಂದಿದ್ರಿ. 'ಎಷ್ಟು ಹಾಕ್ಲಿ?' ಅಂತ ಕೇಳಿದ್ರಿ. ನಿಮ್ಮನ್ನ ನೋಡ್ತಾ ನಿಂತವನಿಗೆ ಒಂದು ಅಂಕಿನೂ ಹೊಳೀಲಿಲ್ಲ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ನನ್ನಿಂದ ಪಾಪ ಅವನಿಗೆ ಅರೆಹೊಟ್ಟೆ. ತಪ್ಪಾಯ್ತು."

ಸಿಟ್ಟು ಎಲ್ಲಿತ್ತೋ ಅಲ್ಲೇ ಕರಗಿತು. ಅವನ ಮುಖ ನೋಡಲಾಗದೆ ಅವಳು ಗುಂಡನ ಕಿವಿ ನೇವರಿಸುತ್ತ ಕೂತಳು.

"ನಿಧಾನಕ್ಕೆ ಹೆಚ್ಚಿಸೋಣ, ಒಂದೇ ಸಲ ಸುರೀಬೇಡಿ," ಅಂತ ಅವನು ಮತ್ತೆ ಡಾಕ್ಟರಾಗಲು ನೋಡಿದ. "ಒಂದು ತಕ್ಕಡಿ ತಗೊಳ್ಳಿ, ತೂಕ ಮಾಡಿ ಹಾಕಿ. ಆಮೇಲೆ ಗುಂಡನ್ನ ಕರ್ಕೊಂಡು ಪದೇ ಪದೇ ಕ್ಲಿನಿಕ್ಕಿಗೆ ಬರೋದು ಬೇಕಿಲ್ಲ."

"ಬರಬಾರ್ದಾ?"

"ಗುಂಡನಿಗೋಸ್ಕರ ಬರೋದು ಬೇಡ," ಅಂದ. "ನನಗೋಸ್ಕರ ಬಂದ್ರೆ... ನಾನು ದಿನಾ ಬಾಗಿಲು ನೋಡ್ತಾನೇ ಇರ್ತೀನಿ."

ಅವಳು ತಲೆಯೆತ್ತಿದಳು. ಈ ಸಲ ಅವನು ದೃಷ್ಟಿ ತಪ್ಪಿಸಲಿಲ್ಲ. ಅವಳು ತನ್ನ ಅಂಗೈಯನ್ನು ಅವನ ಅಂಗೈಗೆ ಆನಿಸಿ ಇಟ್ಟಳು. ಬೆರಳ ತುದಿ ಅವನ ಬೆರಳಿನ ನಡುವಿಗೂ ಮುಟ್ಟಲಿಲ್ಲ.

"ಅಬ್ಬಾ, ಎಷ್ಟು ದೊಡ್ಡದು!"

"ಎಷ್ಟು ಚಿಕ್ಕದು," ಅಂದ ಅವನು.

ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಚಿಕ್ಕಮ್ಮನಿಗೆ ತಾಳ್ಮೆ ಮುಗಿದಿತ್ತು.

"ಅಳತೆ ನೋಡಿದ್ದು ಸಾಕು ಡಾಕ್ಟ್ರೇ. ಕೈ ಹಿಡಿಯೋದಾದ್ರೆ ಹಿಡೀರಿ!"

ಅವನು ಹಿಡಿದ. ಅವಳ ಪುಟ್ಟ ಕೈ ಪೂರ್ತಿ ಒಳಗೆ ಸೇರಿಹೋಯಿತು. ಹಿಂದಿನಿಂದ ಚಿಕ್ಕಮ್ಮ ಗುಂಡನ ತಟ್ಟೆಗೆ ಚೀಲವನ್ನೇ ಬಗ್ಗಿಸಿದ ಸದ್ದು ಕೇಳಿಸಿತು, ಆದರೆ ಇಬ್ಬರೂ ತಿರುಗಿ ನೋಡಲಿಲ್ಲ.