ಖಾಲಿ ಡಬ್ಬಿ ವಾಪಸ್ ಕೊಡೋದು ಹೇಗೆ?

ಶನಿವಾರ ಬೆಳಗ್ಗೆ ಹತ್ತು ಇಪ್ಪತ್ತು. ಧೃತಿಯ ಮನೆಯಿಂದ ಹೊರಟ ಅರವತ್ತು ಸ್ಟೀಲ್ ಡಬ್ಬಿಗಳಲ್ಲಿ ವಾಪಸ್ ಬಂದಿದ್ದವು ಒಂಬತ್ತು.

ಅಪ್ಪನ ಜೊತೆ ಇದ್ದ ಎನ್.ಆರ್. ಕಾಲೋನಿಯ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಸಾರಿನ ಪುಡಿ, ಚಟ್ನಿಪುಡಿ. ಆರ್ಡರ್ ಎಲ್ಲ ಆನ್‌ಲೈನ್. ಪ್ಲಾಸ್ಟಿಕ್ ಬೇಡವೆಂದು ಡಬ್ಬಿಯಲ್ಲಿ ಕಳಿಸುತ್ತಿದ್ದಳು. ಪುಡಿ ಮುಗಿದ ಮೇಲೆ ಡಬ್ಬಿ ಹಿಂದಿರುಗಬೇಕಿತ್ತು. ಅದಾಗದೆ ವಂಶಿಯನ್ನು ಕರೆಸಿದ್ದಳು. ಜನ ಕೊಂಡ ಮೇಲೆ ಯಾವ ಮೆಸೇಜ್ ಯಾವಾಗ ಹೋಗಬೇಕು, ಪಿಕಪ್ ಹೇಗಿರಬೇಕು ಎಂದು ರೂಪಿಸುವುದು ಅವನ ಉದ್ಯೋಗ. ‘ಡಬ್ಬಿ ಬರೋ ದಾರಿ ಸಿಗೋವರೆಗೆ ದಿನಾ ಬರ್ತೀನಿ’ ಎಂದಿದ್ದ. ತಿಂಗಳಾಗಿತ್ತು.

ದಾರಿ ಸಿಗದಿದ್ದರೆ ಅಂಗಡಿ ನಿಲ್ಲುತ್ತದೆ. ಸಿಕ್ಕರೆ ವಂಶಿ ಬರುವುದಿಲ್ಲ. ಯಾವುದಕ್ಕೆ ಹರಕೆ ಹೊರಬೇಕೆಂದೇ ಧೃತಿಗೆ ತಿಳಿಯುತ್ತಿರಲಿಲ್ಲ.

"ಕನ್ನಡಕದ ಮೇಲೆ ಮೆಣಸಿನಪುಡಿ ಇದೆ," ಎಂದಳು ಎದುರಿಗೆ ಕೂತಿದ್ದ ವಂಶಿಗೆ.

"ಎಲ್ಲಿ?" ಕನ್ನಡಕ ತೆಗೆದ. ಬರಿಗಣ್ಣಲ್ಲಿ ಅವಳನ್ನು ಹುಡುಕುವಂತೆ ನೋಡಿದ. ಸಿಕ್ಕಿದಳೆಂದು ಗೊತ್ತಾದ ಮೇಲೂ ನೋಡುತ್ತಲೇ ಇದ್ದ. ಆಮೇಲೆ ಜೋರಾಗಿ ಸೀನಿದ.

"ಮೆಸೇಜ್ ಸಾಕು. ಮನೆಗೇ ಹೋಗಿ ಕೇಳೋಣ, ಬನ್ನಿ," ಎಂದು ಎದ್ದ.

ಆಟೋ ಹಿಡಿದು ಮಾವಳ್ಳಿಗೆ ಹೋದರು. ನಾಲ್ಕು ಸಲ ಪುಡಿ ತರಿಸಿಕೊಂಡ ಶೈಲಜಮ್ಮ ಬಾಗಿಲು ತೆಗೆದರು. ಅಡುಗೆಮನೆಯ ಗೂಡಿನಲ್ಲಿ ನಾಲ್ಕೂ ಡಬ್ಬಿ ತೊಳೆದು ಬೋರಲು ಹಾಕಿದ್ದರು.

"ತಪ್ಪು ತಿಳ್ಕೋಬೇಡಮ್ಮ. ಪಿಕಪ್‌ನವನು ಮೂರು ಸಲ ಬಂದ. ಮೂರು ಸಲನೂ 'ನಾಳೆ ಬಾರಪ್ಪ' ಅಂದೆ."

"ಯಾಕೆ?"

"ಖಾಲಿ ಡಬ್ಬಿ ವಾಪಸ್ ಕೊಡೋದು ಹೇಗೆ? ಯಾರಾದ್ರೂ ಕೊಡ್ತಾರಾ? ಒಂದಿಷ್ಟು ಚಕ್ಲಿ ಮಾಡಿ ತುಂಬಿ ಕಳಿಸೋಣ ಅಂದ್ರೆ ಈ ಮಂಡಿ ಬಿಡ್ತಿಲ್ಲ."

ಧೃತಿ ವಂಶಿಯನ್ನು ನೋಡಿದಳು. ವಂಶಿ ಧೃತಿಯನ್ನು ನೋಡಿದ. ಇಬ್ಬರ ಮನೆಯಿಂದಲೂ ಪಕ್ಕದ ಮನೆಯ ಪಾತ್ರೆ ಬರಿದಾಗಿ ಹೋದದ್ದೇ ಇಲ್ಲ. ಆದರೂ ಇದು ಇಬ್ಬರಿಗೂ ಹೊಳೆದಿರಲಿಲ್ಲ.

"ನಾಲ್ಕು ಕಾಳು ಸಕ್ಕರೆ ಹಾಕಿ ಕೊಟ್ರೆ?" ಎಂದಳು ಧೃತಿ.

"ಅಷ್ಟು ಸಾಕಾ? ಮೊದಲೇ ಹೇಳಬಾರದಾ ತಾಯಿ!"

ಬೀದಿಗೆ ಇಳಿದವರೇ ಗೇಟಿನ ಪಕ್ಕ ನಿಂತು ಹೊಸ ಮೆಸೇಜ್ ಬರೆದರು. 'ಖಾಲಿ ಡಬ್ಬಿ ಕೊಡಲು ಮನಸ್ಸು ಬರದಿದ್ದರೆ ನಾಲ್ಕು ಕಾಳು ಸಕ್ಕರೆ ಸಾಕು. ಯಾವತ್ತು ಪಿಕಪ್‌ಗೆ ಬರಲಿ?' ಹನ್ನೊಂದು ಐವತ್ತಕ್ಕೆ ಕಳಿಸಿದರು.

ಮೊದಲ ಉತ್ತರ ಹನ್ನೊಂದು ಐವತ್ತೆರಡಕ್ಕೆ. ಆಮೇಲೆ ಫೋನ್ ಸುಮ್ಮನಿರಲೇ ಇಲ್ಲ.

"ಹದಿನಾಲ್ಕು! ವಂಶಿ, ಹದಿನಾಲ್ಕು ಮನೆ!"

"ಇವರು ನೋಡಿ, ಸಕ್ಕರೆ ಬೇಡ, ಕೊಬ್ಬರಿ ಮಿಠಾಯಿನೇ ಕಳಿಸ್ತಾರಂತೆ!"

"ಹತ್ತೊಂಬತ್ತು!" ಕುಣಿಯುವ ಭರದಲ್ಲಿ ಅವನ ಕೈ ಹಿಡಿದಿದ್ದಳು. ಹಿಡಿದಿದ್ದೇನೆಂದು ತಿಳಿದಾಗ ಬಿಡುವ ಮನಸ್ಸಾಗಲಿಲ್ಲ. ಅವನ ಬೆರಳುಗಳೂ ಮೆಲ್ಲನೆ ಬಿಗಿಯಾದವು.

"ಹಾಗಾದ್ರೆ ನನ್ನ ಕೆಲಸ ಮುಗೀತು," ಎಂದ ವಂಶಿ. ಧ್ವನಿಯಲ್ಲಿ ಖುಷಿ ಅರ್ಧ ಮಾತ್ರ ಇತ್ತು.

ಧೃತಿ ಕೈ ಬಿಡಲಿಲ್ಲ. "ನಾಳೆ ಬನ್ನಿ."

"ನಾಳೆ ಏನು ಕೆಲಸ?"

"ಏನೂ ಇಲ್ಲ. ಕೆಲಸ ಇಲ್ದೇನೇ ಬನ್ನಿ."

ಅವನು ಕಿವಿಯವರೆಗೂ ಕೆಂಪಾದ. "ಎರಡು ವಾರದಿಂದ ಕೇಳಬೇಕು ಅಂತಿದೀನಿ. ಕೆಲಸದ ಮಧ್ಯೆ ಕೇಳಿದ್ರೆ, ಇಷ್ಟ ಇಲ್ಲ ಅನ್ನೋಕೆ ನಿಮಗೆ ಕಷ್ಟ ಆಗುತ್ತೆ ಅಂತ ಸುಮ್ಮನಿದ್ದೆ."

"ಇಷ್ಟ ಇಲ್ಲ ಅಂತ ಯಾರಂದ್ರು? ದಡ್ಡ ಕಣೋ ನೀನು!"

"ಓಹೋ, 'ನೀವು' ಹೋಯ್ತಾ?"

"ಹೋಯ್ತು. ಅದನ್ನ ವಾಪಸ್ ತರಿಸೋಕೆ ನಿನ್ನ ಮೆಸೇಜ್ ಬೇಡ."

ನಗು ತಡೆಯಲಾಗಲಿಲ್ಲ. ಮೇಲಿನ ಕಿಟಕಿಯಿಂದ ಶೈಲಜಮ್ಮ ನೋಡುತ್ತಿದ್ದರು, ನೋಡಲಿ ಎನಿಸಿತು.

"ನಾಳೆ ಎಷ್ಟು ಗಂಟೆಗೆ?"

"ಹತ್ತಕ್ಕೆ."

ಭಾನುವಾರ ವಂಶಿ ಎಂಟೂ ಮುಕ್ಕಾಲಿಗೇ ಬಂದ. ಧೃತಿಯಿನ್ನೂ ತಲೆ ಒರೆಸಿಕೊಳ್ಳುತ್ತಿದ್ದಳು. ಬಾಗಿಲು ತೆರೆದದ್ದು ಅವಳ ಅಪ್ಪ. "ಡಬ್ಬಿ ಬರೋ ದಾರಿ ಸಿಕ್ತಂತಲ್ಲ, ಇವತ್ತೇನಪ್ಪ ಕೆಲಸ?" ಎಂದರು.