ಹೊರಗಿನ ಚಿಲಕ

ನಾನು ಓದಿದ್ದು ಏಳನೇ ಕ್ಲಾಸು. ಮ್ಯೂಸಿಯಂನಲ್ಲಿ, ಹಾಕಿಕೊಂಡರೆ ಬೇರೊಂದು ಜಾಗದೊಳಗೇ ನಿಂತ ಹಾಗೆ ಕಾಣಿಸುವ ವಿಆರ್ ಕನ್ನಡಕ ಒರೆಸಿಡುವುದು, ಹೊಸ ದೃಶ್ಯವನ್ನು ಮೊದಲು ಹಾಕಿಕೊಂಡು ನೋಡುವುದು ನನ್ನ ಕೆಲಸ. ಆ ಸಲ ಬಂದದ್ದು ನೂರು ವರ್ಷದ ಹಿಂದೆ ಕೊಲೆ ನಡೆದ ಮನೆ. ನಡುಮನೆಯಲ್ಲಿ ಯಜಮಾನಿಯನ್ನು ಕೊಂದಳೆಂದು ಅಡುಗೆಯವಳನ್ನು ಗಲ್ಲಿಗೇರಿಸಿದ್ದರಂತೆ.

ಕನ್ನಡಕ ಹಾಕಿಕೊಂಡು ನೋಡಿದರೆ, ಆ ಮನೆಯ ಅಡುಗೆಮನೆಗೆ ಹೊರಗಿನಿಂದ ಚಿಲಕ ಹಾಕಿತ್ತು.

"ಸಾರ್, ಒಳಗೆ ಕೂಡಿಹಾಕಿದ್ರೆ ಅವಳು ಹೇಗೆ ಬಂದು ಕೊಂದ್ಲು?"

ದೃಶ್ಯ ಮಾಡಿದವರು ನಕ್ಕರು. "ಅಬ್ಬಾ, ಬಾಯೇ ಬಿಡದವಳು ಇವತ್ತು ವಕೀಲೆ ಆಗ್ಬಿಟ್ಯಲ್ಲ! ಚಿಲಕ ಒಳಗಡೆ ಇಟ್ಟಿದೀನಮ್ಮ, ಪೊಲೀಸ್ ಕಡತದಲ್ಲಿದ್ದ ಹಾಗೆ." ಕಂಪ್ಯೂಟರಿನಲ್ಲಿ ತೋರಿಸಿದರು. ಒಳಗೇ ಇತ್ತು.

ಮತ್ತೆ ಕನ್ನಡಕ ಹಾಕಿಕೊಂಡೆ. ಚಿಲಕ ಹೊರಗೇ ಇತ್ತು. ಆ ದೃಶ್ಯಕ್ಕೆ ಇನ್ನೂ ಶಬ್ದ ಸೇರಿಸಿರಲಿಲ್ಲ. ಆದರೂ ಒಳಗಿನಿಂದ ಯಾರೋ ಮೆಲ್ಲಗೆ ಬಾಗಿಲು ತಟ್ಟುತ್ತಿದ್ದರು, ಜೋರಾಗಿ ತಟ್ಟಿದರೆ ಬೈಗುಳ ತಿನ್ನಬೇಕಾದವರ ಹಾಗೆ. ನಾನೂ ಮನೆಗೆಲಸ ಮಾಡಿದವಳು. ಆ ತಟ್ಟುವಿಕೆ ನನಗೆ ಗೊತ್ತು.

"ತಡಿ ಅಕ್ಕ, ಬಂದೆ," ಎಂದು ಕೈ ಚಾಚಿ ಚಿಲಕ ಸರಿಸಿದೆ. ಬೆರಳಿಗೆ ತಣ್ಣಗೆ ತಾಗಿತು. ತಟ್ಟುವುದು ನಿಂತಿತು.

ಕನ್ನಡಕ ತೆಗೆದಾಗ ಬೆರಳಿಗೆ ತುಕ್ಕು ಮೆತ್ತಿಕೊಂಡಿತ್ತು. ಸಾರ್ ನಗಲಿಲ್ಲ. ಕೋಣೆಯನ್ನೆಲ್ಲ ಹುಡುಕಿದರು, ತುಕ್ಕು ಹಿಡಿದ ವಸ್ತು ಒಂದೂ ಸಿಗಲಿಲ್ಲ. ಕೊನೆಗೆ ಗೋಡೆಯ ಹತ್ತಿರ ಹೋಗಿ, 'ಕೊಲೆಗಾತಿಯ ಅಡುಗೆಮನೆ' ಎಂಬ ಫಲಕವನ್ನು ಇಳಿಸಿದರು.